ಅಪ್ಪನಿಗೆ ‘ಪಾಲಿಸಿ ಬೋನಸ್’ ಫೋನ್ ಬಂದಿದೆ

ಪ್ರಶ್ನೆ: ಹಾಸನದಲ್ಲಿರುವ ನಮ್ಮಪ್ಪ ನಿವೃತ್ತ ಮೇಷ್ಟ್ರು, 74 ವರ್ಷ. ‘ಐಆರ್‌ಡಿಎಐನಿಂದ ಮಾತಾಡ್ತಿದ್ದೀವಿ, ನಿಮ್ಮ ಹೆಲ್ತ್ ಪಾಲಿಸಿಗೆ 86 ಸಾವಿರ ಬೋನಸ್ ಬಂದಿದೆ, ಜಿಎಸ್‌ಟಿ ಕಟ್ಟಿದರೆ ಕೈಗೆ ಸಿಗುತ್ತೆ’ ಅಂತ ಫೋನ್ ಬಂತಂತೆ. ಯುಪಿಐನಲ್ಲಿ 14,500 ರೂಪಾಯಿ ಕಳಿಸಿಬಿಟ್ಟಿದ್ದಾರೆ. ಈಗ ಇನ್ನೂ 20 ಸಾವಿರ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇದು ಮೋಸ. ಸೈಬರ್ ವಂಚನೆಯ ದೂರು ಕೊಡುವ ಸಹಾಯವಾಣಿ 1930ಕ್ಕೆ ಇನ್ನೂ ಫೋನ್ ಮಾಡಿಲ್ಲವಾದರೆ ಮೊದಲು ಅದನ್ನು ಮಾಡಿ. ಉಳಿದದ್ದನ್ನು ಆಮೇಲೆ ಓದಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ಸಾಗಿಸುತ್ತಾರೆ. ಬೇಗ ದೂರು ಕೊಟ್ಟರೆ ನಡುವೆ ಎಲ್ಲಾದರೂ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಅಪ್ಪನ ಫೋನಿನಲ್ಲಿ ಹಣ ಹೋದ ವಿವರ ತೆರೆದರೆ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕಾಣುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕಿಗೂ ಹೇಳಿ. ಆ 20 ಸಾವಿರ ಮಾತ್ರ ಖಂಡಿತ ಕಳಿಸಬೇಡಿ.

ಐಆರ್‌ಡಿಎಐ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ. ಅದು ಪಾಲಿಸಿ ಮಾರುವುದಿಲ್ಲ, ಬೋನಸ್ಸೂ ಹಂಚುವುದಿಲ್ಲ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ಹೆಲ್ತ್ ಪಾಲಿಸಿಯಲ್ಲಿ ಬೋನಸ್ ಅಂದರೆ ನಗದು ಅಲ್ಲ. ಕ್ಲೇಮ್ ಮಾಡದ ವರ್ಷಕ್ಕೆ ವಿಮೆಯ ಮೊತ್ತ ಹೆಚ್ಚಾಗುತ್ತದೆ, ಇಲ್ಲವೇ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಜಿಎಸ್‌ಟಿ ಮಾತೂ ಸುಳ್ಳು. ವೈಯಕ್ತಿಕ ಹೆಲ್ತ್ ಪಾಲಿಸಿಗಳ ಪ್ರೀಮಿಯಂ ಮೇಲಿನ ಜಿಎಸ್‌ಟಿಯನ್ನೇ 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ.

ದಯವಿಟ್ಟು ಅಪ್ಪನನ್ನು ಬೈಯಬೇಡಿ. ‘ಮೇಷ್ಟ್ರಾಗಿ ಇಷ್ಟೂ ಗೊತ್ತಾಗಲಿಲ್ವಾ’ ಅಂತ ಮನೆಯಲ್ಲಿ ಒಬ್ಬರು ಅಂದರೂ ಸಾಕು, ಮುಂದಿನ ಫೋನ್ ಬಂದಾಗ ಅವರು ಯಾರಿಗೂ ಹೇಳುವುದಿಲ್ಲ. ಆ ಫೋನ್ ಬಂದೇ ಬರುತ್ತದೆ ಅಂದುಕೊಳ್ಳಿ. ಒಮ್ಮೆ ಹಣ ಕೊಟ್ಟವರ ನಂಬರ್ ಕಳ್ಳರ ನಡುವೆ ಕೈ ಬದಲಾಗುತ್ತದೆ. ಈ ಸಲ ‘ಕಳೆದುಕೊಂಡ ಹಣ ವಾಪಸ್ ಕೊಡಿಸ್ತೀವಿ’ ಅಂತ ಪೊಲೀಸರ ಹೆಸರಲ್ಲೂ ಮಾತಾಡಬಹುದು.

ಈ ವಾರ ಊರಿಗೆ ಹೋದರೆ ಅಪ್ಪನ ಜೊತೆ ಕೂತು ಬೀರುವಿನಲ್ಲಿರುವ ಪಾಲಿಸಿ ಹೊರಗೆ ತೆಗೆಯಿರಿ. ಅದರ ಮೇಲಿರುವ ಕಂಪನಿಯ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅವರು ಫೋನ್ ಚಾರ್ಜಿಗಿಡುವ ಜಾಗದಲ್ಲಿ ಅಂಟಿಸಿ. ಕೆಳಗೆ 1930 ಇರಲಿ. ಯಾರೇ ಹಣದ ಮಾತೆತ್ತಿದರೂ ‘ಮಕ್ಕಳನ್ನ ಕೇಳಿ ಹೇಳ್ತೀನಿ’ ಅಂದು ಫೋನ್ ಇಟ್ಟುಬಿಡಿ ಅಂತ ಅವರಿಗೆ ಹೇಳಿ. ಅವರು ನಿಮಗೆ ಫೋನ್ ಮಾಡಿದಾಗ, ಆಫೀಸಿನಲ್ಲಿದ್ದರೂ ತೆಗೆಯಿರಿ.