ಇರುವ ಒಬ್ಬ ಮಗ ಗುರುಮಠಕ್ಕೆ ಹೊರಟರೆ: ದಾವಣಗೆರೆಯ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ಪತ್ರದ ಸಾರಾಂಶವನ್ನಷ್ಟೇ ಓದುಗರ ಮುಂದಿಡುತ್ತೇನೆ. ದ್ವಿತೀಯ ಪಿಯುಸಿ ಮುಗಿಸುತ್ತಿರುವ ನಿಮ್ಮ ಮಗ ಎಂಜಿನಿಯರಿಂಗ್ ಬೇಡ, ಕಥೋಲಿಕ ಗುರುಗಳನ್ನು (ಪಾದ್ರಿಗಳನ್ನು) ತಯಾರು ಮಾಡುವ ಗುರುಮಠಕ್ಕೆ ಸೇರುತ್ತೇನೆ ಎನ್ನುತ್ತಿದ್ದಾನೆ. ಇರುವುದು ಒಬ್ಬ ಮಗ, ಒಬ್ಬಳು ಮಗಳು. ಅವನ ತಾಯಿ ಕಣ್ಣೀರಿಡುತ್ತಿದ್ದಾರೆ. ನೆಂಟರು ವಂಶ ಇಲ್ಲಿಗೇ ನಿಂತಿತಲ್ಲ ಎನ್ನುತ್ತಿದ್ದಾರೆ. ಉದ್ದನೆಯ ನಿಲುವಂಗಿ, ಲ್ಯಾಟಿನ್ ಗಾಯನ, ಹಳೆಯ ಪೂಜಾಕ್ರಮಗಳ ಮೇಲೆ ಅವನಿಗಿರುವ ಒಲವು ಮೊಬೈಲಿನಲ್ಲಿ ನೋಡಿದ್ದರ ಮೋಹವೋ, ನಿಜವಾದ ಕರೆಯೋ ತಿಳಿಯದೆ ಕಳವಳಗೊಂಡಿದ್ದೀರಿ. ಗುರುಗಳೋ ಸನ್ಯಾಸಿನಿಯರೋ ಆಗಲು ದೇವರು ಕೊಡುವ ದೈವಕರೆಗಾಗಿ ಪ್ರಾರ್ಥಿಸಿರೆಂದು ಪ್ರತಿವರ್ಷ ಬರೆಯುವ ನಮಗೆ ಇಂಥ ಮನೆಗಳ ಸಂಕಟ ಗೊತ್ತಿದೆಯೇ ಎಂದೂ ಕೇಳಿದ್ದೀರಿ.

ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಪಾಸ್ಕ (ಈಸ್ಟರ್) ಕಾಲದ ನಾಲ್ಕನೆಯ ಭಾನುವಾರವನ್ನು ದೈವಕರೆಗಾಗಿ ಪ್ರಾರ್ಥಿಸುವ ದಿನವಾಗಿ ಆಚರಿಸುವ ಪದ್ಧತಿಯನ್ನು ಪೋಪ್ ಆರನೇ ಪೌಲರು 1964ರಲ್ಲಿ ಆರಂಭಿಸಿದರು. ಅಂದಿನಿಂದ ನಾವೆಲ್ಲ ಆ ದಿನ ಮೊಣಕಾಲೂರಿ ಗುರುಗಳನ್ನು ಕೊಡು, ಭಗಿನಿಯರನ್ನು ಕೊಡು ಎಂದು ದೇವರನ್ನು ಬೇಡುತ್ತೇವೆ. ಆದರೆ ಮನಸ್ಸಿನೊಳಗೆ ಪಕ್ಕದ ಮನೆಯ ಮಕ್ಕಳನ್ನೇ ಇಟ್ಟುಕೊಂಡು ಬೇಡುತ್ತೇವೆ. ಆ ಪ್ರಾರ್ಥನೆ ಫಲಿಸಬೇಕಾದರೆ ಯಾವುದೋ ಒಂದು ಮನೆಯ ಮಗ ಎದ್ದು ಹೊರಡಲೇಬೇಕು. ಈ ಸಲ ಅದು ನಿಮ್ಮ ಮನೆಯಾಗಿರಬಹುದು.

ಆಗಿರಬಹುದು ಎಂದೆನೇ ಹೊರತು ಆಗಿದೆ ಎನ್ನಲಿಲ್ಲ. ನಿಮ್ಮ ಪತ್ರದ ತುಂಬ ಒಂದು ಭಯವಿದೆ: ಈಗ ಹೂಂ ಅಂದುಬಿಟ್ಟರೆ ಎಲ್ಲವೂ ಮುಗಿದುಹೋಯಿತು ಎಂಬ ಭಯ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕ್ರಮ ಹಾಗಿಲ್ಲ. ಗುರುಮಠವೆಂಬ ವ್ಯವಸ್ಥೆಯನ್ನು 1563ರಲ್ಲಿ ಧರ್ಮಾಧ್ಯಕ್ಷರು (ಬಿಷಪರು) ಸೇರಿದ ಟ್ರೆಂಟ್ ಮಹಾಸಭೆ ಜಾರಿಗೆ ತಂದದ್ದೇ ತಯಾರಿಯಿಲ್ಲದವರು ಪೂಜಾಪೀಠವೇರಬಾರದೆಂಬ ಕಾಳಜಿಯಿಂದ. ಇಂದಿನ ಧರ್ಮಸಭೆಯ ಕಾನೂನಿನಂತೆ ತತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ ಅಭ್ಯಾಸಕ್ಕೇ ಕನಿಷ್ಠ ಆರು ಪೂರ್ಣ ವರ್ಷ ಬೇಕು. ಅದಕ್ಕೆ ಮೊದಲಿನ ಸಿದ್ಧತೆಯ ಕಾಲ, ನಡುವೆ ಧರ್ಮಕೇಂದ್ರಗಳಲ್ಲಿ (ಊರಿನ ಚರ್ಚುಗಳಲ್ಲಿ) ಕಳೆಯುವ ಅವಧಿ ಬೇರೆ. ಇಪ್ಪತ್ತೈದು ತುಂಬುವ ಮೊದಲು ಸಾಮಾನ್ಯವಾಗಿ ಗುರುದೀಕ್ಷೆಯಿಲ್ಲ. ಈ ದಾರಿಯ ಯಾವ ತಿರುವಿನಲ್ಲಾದರೂ ಅವನು ತನ್ನ ಕರೆ ಇದಲ್ಲವೆಂದು ಕಂಡುಕೊಂಡು ಹಿಂದಿರುಗಬಹುದು. ಮೇಲಿನವರೂ ನಿನಗಿದು ಹೊಂದುವುದಿಲ್ಲವೆಂದು ಕಳುಹಿಸಬಹುದು. ಹಾಗೆ ಮರಳಿದ ಹುಡುಗನನ್ನು ಸೋತವನಂತೆ ನೋಡುವುದು ನಮ್ಮ ಸಮುದಾಯದ ದೊಡ್ಡ ತಪ್ಪು. ಎಷ್ಟೋ ಮಕ್ಕಳು ಬಾಯಿಬಿಡದೆ ಹಿಂಜರಿಯುವುದಕ್ಕೆ ಅದೂ ಒಂದು ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ.

ದೀಕ್ಷೆಗೆ ಮುನ್ನ ಅಭ್ಯರ್ಥಿ ತಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಇದನ್ನು ಸ್ವೀಕರಿಸುತ್ತಿದ್ದೇನೆಂದು ತನ್ನದೇ ಕೈಬರಹದಲ್ಲಿ ಬರೆದು ಸಹಿ ಹಾಕಿಕೊಡಬೇಕು. ದೀಕ್ಷೆಯ ದಿನವೂ ಅಷ್ಟೇ: ಇವನು ಯೋಗ್ಯನೆಂದು ನಿಮಗೆ ತಿಳಿದಿದೆಯೇ ಎಂದು ಧರ್ಮಾಧ್ಯಕ್ಷರು ಎಲ್ಲರೆದುರು ಕೇಳುತ್ತಾರೆ, ವಿಶ್ವಾಸಿಗಳಲ್ಲಿ ವಿಚಾರಿಸಿದ್ದೇವೆ, ಯೋಗ್ಯನೆಂದು ಕಂಡುಬಂದಿದ್ದಾನೆ ಎಂದು ಜವಾಬ್ದಾರಿ ಹೊತ್ತ ಗುರು ಸಾಕ್ಷಿ ನುಡಿಯುತ್ತಾರೆ. ಆಮೇಲೆಯೇ ಅವನು ಪೀಠದ ಮುಂದೆ ಬೋರಲು ಮಲಗುವುದು, ಸಂತರ ಪ್ರಾರ್ಥನಾಮಾಲೆ ಮೊಳಗುವುದು, ಧರ್ಮಾಧ್ಯಕ್ಷರು ಮೌನವಾಗಿ ಅವನ ತಲೆಯ ಮೇಲೆ ಕೈಯಿಡುವುದು. ಅಂದರೆ ಕರೆಯನ್ನು ನಿಶ್ಚಯಿಸುವ ಭಾರ ಇಂದು ನಿಮ್ಮೊಬ್ಬರ ಮೇಲಿಲ್ಲ, ಹದಿನೆಂಟರ ಆ ಹುಡುಗನ ಮೇಲೂ ಇಲ್ಲ. ಅದನ್ನು ಪರೀಕ್ಷಿಸಿ ನೋಡಲು ಅವನಿಗೆ ಅವಕಾಶ ಕೊಡುವುದು ಮಾತ್ರ ನಿಮ್ಮ ಪಾಲಿನ ಕೆಲಸ.

ಇನ್ನು ಹಳೆಯ ಕ್ರಮದ ಮೇಲಿನ ಅವನ ಒಲವು. ದಯವಿಟ್ಟು ಅದನ್ನು ಗೇಲಿ ಮಾಡಬೇಡಿ. ಎರಡನೇ ವ್ಯಾಟಿಕನ್ ಮಹಾಸಭೆ ಕನ್ನಡದಲ್ಲಿ ಬಲಿಪೂಜೆ ಅರ್ಪಿಸಲು ನಮಗೆ ದಾರಿ ತೆರೆಯಿತು ನಿಜ, ಆದರೆ ಲ್ಯಾಟಿನನ್ನಾಗಲಿ ಗ್ರೆಗೋರಿಯನ್ ಗಾಯನವನ್ನಾಗಲಿ ತೆಗೆದುಹಾಕಲಿಲ್ಲ. ಗುರುವಿದ್ಯಾರ್ಥಿಗಳು ಲ್ಯಾಟಿನ್ ಕಲಿಯಬೇಕೆಂದು ಇಂದಿನ ಕಾನೂನೂ ಹೇಳುತ್ತದೆ. ಹದಿಹರೆಯದವನೊಬ್ಬ ಪವಿತ್ರವಾದುದರ ಮುಂದೆ ಮೌನವಾಗಿ ನಿಲ್ಲಲು ಬಯಸಿದರೆ ಸಂತೋಷಪಡಬೇಕು. ಆದರೂ ಅವನಿಗೆ ಒಂದು ಮಾತನ್ನು ತಿಳಿಸಿ ಹೇಳಿ. ಹಳೆಯ ಲ್ಯಾಟಿನ್ ಕ್ರಮದ 1962ರ ಪೂಜಾಗ್ರಂಥದ ಬಳಕೆಯನ್ನು ಪೋಪ್ ಫ್ರಾನ್ಸಿಸ್ 2021ರಲ್ಲಿ ಬಿಗಿಗೊಳಿಸಿದರು. ಈಗ ಅದಕ್ಕೆ ಅನುಮತಿ ಬೇಕು. ವಿಧೇಯತೆಯೂ ಯಾಜಕತ್ವದ ಪರಂಪರೆಯ ಒಂದು ಭಾಗ, ಮತ್ತು ಅದು ನಿಲುವಂಗಿಗಿಂತ ಹಳೆಯದು. ದಿನನಿತ್ಯದ ಬಲಿಪೂಜೆ, ನಿಗದಿತ ಹೊತ್ತುಗಳ ಪ್ರಾರ್ಥನೆ, ಬ್ರಹ್ಮಚರ್ಯ, ಪಾಪನಿವೇದನೆ ಕೇಳಲು ಗಂಟೆಗಟ್ಟಲೆ ಕುಳಿತುಕೊಳ್ಳುವ ತಾಳ್ಮೆ, ಇವು ಯಾವ ವಿಡಿಯೊದಲ್ಲಿಯೂ ಕಾಣಿಸುವುದಿಲ್ಲ. ಧರ್ಮಕೇಂದ್ರದ ಗುರುಗಳ ಪಾಲಕಸಂತ ಜಾನ್ ವಿಯಾನ್ನಿಯವರಿಗೆ ಲ್ಯಾಟಿನ್ ತಲೆಗೆ ಹತ್ತುತ್ತಲೇ ಇರಲಿಲ್ಲ. ಆದರೂ ಆರ್ಸ್ ಎಂಬ ಸಣ್ಣ ಹಳ್ಳಿಗೆ ಜನ ದೂರದೂರದಿಂದ ಬಂದದ್ದು ಅವರ ಬಳಿ ಪಾಪನಿವೇದನೆ ಮಾಡುವುದಕ್ಕಾಗಿ. ನಿಮ್ಮ ಮಗ ಈ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋದಾಗ ಪಾಪನಿವೇದನೆಗೆ ನಿಂತವರ ಸಾಲನ್ನು ನೋಡಲಿ, ಆ ಸಾಲಿನ ಇನ್ನೊಂದು ತುದಿಯಲ್ಲಿ ಕುಳಿತಿರುವವರನ್ನೂ ನೋಡಲಿ. ಅಲ್ಲಿ ಕುಳಿತುಕೊಳ್ಳುವ ಆಸೆ ಅವನಲ್ಲಿ ಹುಟ್ಟಿದರೆ, ಆ ಒಲವನ್ನು ಮೋಹವೆಂದು ತಳ್ಳಿಹಾಕಲು ಬರುವುದಿಲ್ಲ.

ಒಬ್ಬನೇ ಮಗನೆಂಬ ಸಂಕಟಕ್ಕೆ ನನ್ನಲ್ಲಿ ಸುಲಭದ ಸಮಾಧಾನವಿಲ್ಲ. ಒಬ್ಬನೇ ಮಗನಾದವನು ಗುರುವಾಗಬಾರದೆಂಬ ನಿಯಮವಿಲ್ಲ. ಬೈಬಲಿನಲ್ಲಿ, ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ತಾಯಿ ಹನ್ನಳು ದೇವಾಲಯಕ್ಕೆ ಒಪ್ಪಿಸಿದ ಕಥೆ ನಿಮಗೆ ಗೊತ್ತು. ಕೊಟ್ಟರೆ ದೇವರು ಇಷ್ಟು ತಿರುಗಿ ಕೊಡುತ್ತಾನೆಂಬ ಲೆಕ್ಕಾಚಾರಕ್ಕೆ ನಾನು ಅದನ್ನು ಬಳಸಲಾರೆ. ಆದರೆ ಒಂದು ವ್ಯತ್ಯಾಸ ನಿಮಗೆ ತಿಳಿದಿರಲಿ. ಸನ್ಯಾಸಿಗಳ ಧಾರ್ಮಿಕ ಸಭೆ ಸೇರಿದವರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ಕೈಗೊಳ್ಳುತ್ತಾರೆ. ಅವರನ್ನು ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಧರ್ಮಕ್ಷೇತ್ರದ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಪ್ರದೇಶದ, ಗುರುಗಳಿಗೆ ಬಡತನದ ವ್ರತವಿಲ್ಲ, ಮತ್ತು ಅವರ ಸೇವೆ ಬಹುಮಟ್ಟಿಗೆ ತಮ್ಮ ಧರ್ಮಕ್ಷೇತ್ರದೊಳಗೇ. ದಾವಣಗೆರೆ, ಚಿತ್ರದುರ್ಗಗಳು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿವೆ. ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆ ದೂರದೂರಕ್ಕೆ ಚದುರಿರುವ ಕುಟುಂಬಗಳಿಗೆ ಅವರ ಆಡುಮಾತು ಬಲ್ಲ, ಈ ನೆಲದಲ್ಲೇ ಬೆಳೆದ ಗುರು ಸಿಕ್ಕರೆ ಅದರ ಬೆಲೆಯೇ ಬೇರೆ. ನಿಮ್ಮ ಮುಪ್ಪಿನ ಚಿಂತೆಯನ್ನು ಅವನ ಮುಂದೆಯೂ ಅವನ ಹಿರಿಯರ ಮುಂದೆಯೂ ಮುಚ್ಚುಮರೆಯಿಲ್ಲದೆ ಹೇಳಿ. ಆ ಚಿಂತೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೆಂಟರ ಮಾತಿಗೆ ಹೆಚ್ಚು ಉತ್ತರಿಸಬೇಕಿಲ್ಲ. ಮನೆಯ ಮಗುವನ್ನು ಮಠಕ್ಕೆ ಬಿಟ್ಟುಕೊಟ್ಟ ಕುಟುಂಬಗಳನ್ನು ತಲೆಮಾರುಗಳಿಂದ ಕಂಡಿರುವ ಈ ಸೀಮೆಯಲ್ಲಿ ನಿಮ್ಮ ನೆರೆಹೊರೆಯವರೇ ನಿಮ್ಮನ್ನು ಅರ್ಥಮಾಡಿಕೊಂಡಾರು.

ನೀವು ಕೇಳದಿದ್ದರೂ ಮಗಳ ವಿಷಯವನ್ನು ಎತ್ತುತ್ತೇನೆ. ನಮ್ಮ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿ ನಿಲ್ಲಿಸಿದ ಭಗಿನಿಯರ ಕರೆಯ ಬಗ್ಗೆ ಮನೆಗಳಲ್ಲಿ ಮಾತೇ ನಿಂತುಹೋಗಿದೆ. ಅಲ್ಲಿಯೂ ಆತುರವಿಲ್ಲ: ಹದಿನೇಳು ತುಂಬುವ ಮುನ್ನ ನೊವಿಶಿಯೇಟ್ (ವ್ರತಕ್ಕೆ ಮುಂಚಿನ ತರಬೇತಿ) ಇಲ್ಲ, ಅದು ಕನಿಷ್ಠ ಹನ್ನೆರಡು ತಿಂಗಳಿನದು, ಆಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತ, ಅನಂತರವೇ ಶಾಶ್ವತ ವ್ರತ. ಅವಳನ್ನು ಒತ್ತಾಯಿಸುವುದು ಬೇಡ. ಅಣ್ಣನ ವಿಷಯ ಮನೆಯಲ್ಲಿ ಚರ್ಚೆಯಾಗುವಾಗ ಅವಳನ್ನು ಹೊರಗಿಡುವುದೂ ಬೇಡ.

ಪರೀಕ್ಷೆ ಮುಗಿಯಲಿ. ಆಮೇಲೆ ತಂದೆತಾಯಿ ಇಬ್ಬರೂ ಮಗನೊಂದಿಗೆ ಧರ್ಮಕೇಂದ್ರದ ಗುರುಗಳನ್ನು ಕಂಡು, ಪದವಿ ಮುಗಿಸಿ ಸೇರುವುದು ಒಳಿತೋ ಈಗಲೇ ಒಳಿತೋ, ದೈವಕರೆಯ ಶಿಬಿರ ಯಾವಾಗ, ಖರ್ಚುವೆಚ್ಚ ಹೇಗೆ, ರಜೆಗೆ ಮನೆಗೆ ಬರುವುದುಂಟೇ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಸಂಕೋಚವಿಲ್ಲದೆ ಕೇಳಿ. ಸೇರಿಸಿಕೊಳ್ಳುವಾಗ ಜ್ಞಾನಸ್ನಾನ ಮತ್ತು ದೃಢೀಕರಣದ ಪ್ರಮಾಣಪತ್ರಗಳನ್ನು ಕೇಳುತ್ತಾರೆ. ಅವನ್ನು ಈಗಲೇ ಹುಡುಕಿ ತೆಗೆದಿಡಿ. ಮೊದಲ ಭೇಟಿಯಲ್ಲಿ ಮಗನಿಗಿಂತ ಹೆಚ್ಚು ಮಾತಾಡಬೇಕಾದವರು ಅವನ ತಾಯಿ. ಅವರು ಅತ್ತರೂ ತಡೆಯಬೇಡಿ.

ಇತಿ,
ಸಂಪಾದಕ