ಎಮ್ಮೆ ಸಗಣಿಯಲ್ಲಿ ಇಡೀ ಜೋಳ ಯಾಕೆ?

ನಮಸ್ಕಾರ ರೀ. ಒಂದೇ ಚೀಲದ ಜೋಳ ಹಾಕಿದರೂ ಎಮ್ಮೆ ಸಗಣಿಯಲ್ಲಿ ಇಡೀ ಕಾಳು ಸಿಗುತ್ತದೆ, ಕೋಳಿ ಹಿಕ್ಕೆಯಲ್ಲಿ ಸಿಗಲ್ಲ, ಹಲ್ಲು ಇರೋದು ಎಮ್ಮೆಗೆ ಅಲ್ವಾ ಅಂತ ಕೇಳಿದ್ದೀರಿ. ಚೆನ್ನಾಗಿ ಗಮನಿಸಿದ್ದೀರಿ.

ಕೋಳಿಗೆ ಬೀಸುಕಲ್ಲು ಹೊಟ್ಟೆಯೊಳಗೇ ಇದೆ. ನುಂಗಿದ ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆಯುತ್ತದೆ. ಆಮೇಲೆ ಜಠರರಸ ಬೆರೆತು ಗಿಝರ್ಡ್ ಎಂಬ ದಪ್ಪ ಮಾಂಸದ ಚೀಲಕ್ಕೆ ಇಳಿಯುತ್ತದೆ. ಆಳಂದದ ನಮ್ಮ ಮನೆಯಲ್ಲಿ ಜವಾರಿ ಕೋಳಿ ಕೊಯ್ದಾಗ ಅದನ್ನು ಸೀಳಿ ನೋಡಿದ್ದೇನೆ. ಒಳಗೆ ಹಳದಿ ಬಣ್ಣದ ಒರಟು ಪದರ, ಅರ್ಧ ಅರೆದ ಜೋಳ, ಸವೆದು ನುಣುಪಾದ ಹರಳು. ಆ ಹರಳೇ ಹಲ್ಲಿನ ಕೆಲಸ ಮಾಡೋದು. ನಮ್ಮ ಶಹಾಬಾದ್ ಕಲ್ಲಿನ ಚೂರು ಸುಣ್ಣದ್ದು, ಬೇಗ ಕರಗಿ ಮೊಟ್ಟೆ ಚಿಪ್ಪಿಗೆ ಹೋಗುತ್ತದೆ. ಅರೆಯೋಕೆ ಗಟ್ಟಿ ಹರಳೇ ಬೇಕು.

ಎಮ್ಮೆಯ ಹೊಟ್ಟೆಗೆ ನಾಲ್ಕು ಕೋಣೆ. ಅದು ಕಣಕಿ, ಹುಲ್ಲಿಗೆ ಹೊಂದಿದ ಹೊಟ್ಟೆ. ಮೆಲುಕಿಗೆ ಬಾಯಿಗೆ ವಾಪಸ್ ಬರೋದು ಹೆಚ್ಚಾಗಿ ಉದ್ದನೆಯ ನಾರು. ಸಣ್ಣ, ಭಾರದ ಕಾಳು ತಳಕ್ಕೆ ಕೂತು ಮುಂದೆ ಜಾರಿಬಿಡುತ್ತದೆ. ಸಿಪ್ಪೆ ಒಡೆಯದಿದ್ದರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ಒಳಗೆ ದಾರಿ ಇಲ್ಲ. ಕುರಿಯೂ ಮೆಲುಕು ಹಾಕುತ್ತದೆ, ಆದರೆ ಕಾಳನ್ನು ಇನ್ನೂ ಚೆನ್ನಾಗಿ ಅಗಿಯುತ್ತದೆ. ಅದಕ್ಕೇ ಅದರ ಹಿಕ್ಕೆಯಲ್ಲಿ ಇಡೀ ಜೋಳ ಕಡಿಮೆ.

ಎಮ್ಮೆಗೆ ಜೋಳ ನುಚ್ಚು ಮಾಡಿಸಿ ಹಾಕಿ. ಒಮ್ಮೆಲೇ ಜಾಸ್ತಿ ಮಾತ್ರ ಬೇಡ, ಹೊಟ್ಟೆಯಲ್ಲಿ ಹುಳಿ ಏರಿದರೆ ಜೀವಕ್ಕೇ ಕುತ್ತು. ಸ್ವಲ್ಪದಿಂದ ಶುರು ಮಾಡಿ, ಕಣಕಿ ಜೊತೆಗೇ ಕೊಡಿ.