ಡ್ರ್ಯಾಗ್ ಕಾರಿಗೆ ಮೊದಲು ಬೆಲ್ಟು, ಆಮೇಲೆ ಟರ್ಬೊ

ನಿಮ್ಮ ಪೋಸ್ಟ್ ಓದಿದೆ. ಹಳೆ ಮಾರುತಿ ಎಸ್ಟೀಮ್ ಕಾರನ್ನು ಕಾಲು ಮೈಲಿ ಡ್ರ್ಯಾಗ್‌ಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ರೇಸಿಗೆ, ತಯಾರು ಮಾಡುತ್ತಿದ್ದೀರಿ. ಶಿವಮೊಗ್ಗದಲ್ಲೇ ನಾಲ್ಕು ಪಾಯಿಂಟ್ ಬೆಲ್ಟ್ (ನಾಲ್ಕು ಕಡೆ ಕಾರಿಗೆ ಕಟ್ಟುವ ರೇಸ್ ಸೀಟ್ ಬೆಲ್ಟ್) ತಗೊಂಡಿದ್ದೀರಿ, ಬೈಕ್ ಹೆಲ್ಮೆಟ್ ಇದೆ, ಉಳಿದ ದುಡ್ಡು ಇಂಜಿನ್ ಶಕ್ತಿ ಹೆಚ್ಚಿಸುವ ಟರ್ಬೊಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಟರ್ಬೊ ಮುಂದಿನ ವರ್ಷ ಹಾಕಿಸಿದರೂ ಆಗುತ್ತದೆ. ನಿಮ್ಮನ್ನು ಸೀಟಿನಲ್ಲಿ ಹಿಡಿದಿಡುವ ಕೆಲಸ ಮೊದಲು ಮುಗಿಯಲಿ.

ನಾಲ್ಕು ಪಾಯಿಂಟ್ ಬೆಲ್ಟಿನ ದೊಡ್ಡ ತೊಂದರೆ ಕಾಲ ಮಧ್ಯೆ ಬರುವ ಪಟ್ಟಿ ಇಲ್ಲದಿರುವುದು. ಗುದ್ದಿದಾಗ ಭುಜದ ಪಟ್ಟಿ ಬಕಲನ್ನು ಮೇಲಕ್ಕೆ ಎಳೆಯುತ್ತದೆ, ಸೊಂಟದ ಮೂಳೆ ಮೇಲಿದ್ದ ಪಟ್ಟಿ ಹೊಟ್ಟೆಗೆ ಬಂದು ಕೂರುತ್ತದೆ, ಮೈ ಅದರ ಕೆಳಗೆ ಜಾರುತ್ತದೆ. ಐದು ಅಥವಾ ಆರು ಪಾಯಿಂಟಿನದೇ ತಗೊಳ್ಳಿ. ಎಸ್‌ಎಫ್‌ಐ 16.1 (ರೇಸ್ ಸಾಮಾನಿಗೆ ಅಮೆರಿಕದ ಸುರಕ್ಷತಾ ಗುಣಮಟ್ಟ) ಅಥವಾ ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ಲೇಬಲ್ ಇರಲಿ. ಎಸ್‌ಎಫ್‌ಐ ಬೆಲ್ಟಿಗೆ ತಯಾರಾದ ದಿನದಿಂದ 2 ವರ್ಷ ಮಾತ್ರ ಆಯಸ್ಸು. ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಲೇಬಲ್ ಮೇಲಿನ ತಾರೀಕು ನೋಡಿ.

ಬೆಲ್ಟ್ ಎಷ್ಟೇ ಒಳ್ಳೆಯದಿರಲಿ, ಬೋಲ್ಟ್ ಹಾಕಿದ ತಗಡು ಗಟ್ಟಿ ಇರಬೇಕಲ್ವಾ? ನಮ್ಮ ಮಲೆನಾಡಿನ ಮಳೆಗೆ ಹಳೆ ಕಾರಿನ ಫ್ಲೋರ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮ್ಯಾಟ್, ಕಾರ್ಪೆಟ್ ಎರಡೂ ಪೂರ್ತಿ ಕಿತ್ತು ಹಾಕಿ. ಸೀಟ್ ರೇಲ್ ಸುತ್ತ, ಬಾಗಿಲ ಕೆಳಗಿನ ಮೂಲೆಯಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮೇಲೆ ಬಣ್ಣ ಚೆನ್ನಾಗಿ ಕಂಡರೂ ಒಳಗೆ ತುಕ್ಕು ತಿಂದಿದ್ದರೆ ತುದಿ ಒಳಗೆ ಹೋಗುತ್ತದೆ. ಅಂಥ ಕಡೆ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ, ಆಮೇಲೆ ಆ್ಯಂಕರ್ (ಬೆಲ್ಟನ್ನು ಕಾರಿಗೆ ಬೋಲ್ಟ್ ಮಾಡುವ ಜಾಗ) ಮಾತು. ಪ್ರತಿ ಆ್ಯಂಕರಿಗೂ ಅಡಿಯಲ್ಲಿ 3 ಮಿ.ಮೀ ದಪ್ಪದ, ಕನಿಷ್ಠ 40 ಚದರ ಸೆಂ.ಮೀ ಪ್ಲೇಟ್ ಕೊಡಬೇಕು ಅನ್ನುತ್ತದೆ ಎಫ್‌ಐಎ ನಿಯಮ. ಬರೀ ವಾಷರ್ ಹಾಕಿದರೆ ಬೋಲ್ಟು ತಗಡನ್ನು ಹರಿದುಕೊಂಡು ಬರುತ್ತದೆ. ಭುಜದ ಪಟ್ಟಿಯನ್ನು ಸೀಟಿನ ಹಿಂದೆ ನೆಲಕ್ಕೆ ಕಟ್ಟಬೇಡಿ. ಗುದ್ದಿದಾಗ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಜಗ್ಗುತ್ತದೆ. ಭುಜದಿಂದ ಹಿಂದಕ್ಕೆ ಆದಷ್ಟು ನೇರವಾಗಿ ಹೋಗಲಿ, ಇಳಿಜಾರು 45 ಡಿಗ್ರಿ ದಾಟಲೇಬಾರದು.

ಅದಕ್ಕೇ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯಲು ಸೀಟಿನ ಹಿಂದೆ ಹಾಕುವ ಉಕ್ಕಿನ ಕಮಾನು) ಇದ್ದರೆ ಒಳ್ಳೆಯದು, ಅದರ ಅಡ್ಡ ಪೈಪಿಗೆ ಬೆಲ್ಟ್ ಸುತ್ತಬಹುದು. ಆದರೆ ಗೇಟು, ಶೆಡ್ಡು ಮಾಡುವ ಜಿಐ ಪೈಪಿನಲ್ಲಿ ಖಂಡಿತ ಬೇಡ. ಉದ್ದಕ್ಕೂ ವೆಲ್ಡ್ ಗೆರೆ ಇಲ್ಲದ ಸೀಮ್‌ಲೆಸ್ ಪೈಪೇ ಕೇಳಿ. ಎಫ್‌ಐಎ ಪ್ರಕಾರ ಮುಖ್ಯ ಹೂಪಿಗೆ (ಕಮಾನಿನ ದೊಡ್ಡ ಪೈಪಿಗೆ) 45 ಮಿ.ಮೀ ವ್ಯಾಸ, 2.5 ಮಿ.ಮೀ ದಪ್ಪ. ಚಿಕ್ಕಮಗಳೂರಿನ ರ‍್ಯಾಲಿ ಮಂದಿ ವರ್ಷಗಳಿಂದ ಕೇಜ್ (ಕಾರಿನೊಳಗೆ ಸುತ್ತಲೂ ಹಾಕುವ ಪೈಪಿನ ಪಂಜರ) ಹಾಕಿಸಿಕೊಂಡು ಓಡಿಸುತ್ತಿದ್ದಾರೆ. ಅವರ ಕಾರೊಂದನ್ನು ನೋಡಿ ಬಂದು ಆಮೇಲೆ ವೆಲ್ಡರ್ ಹತ್ತಿರ ಹೋಗಿ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಹಳೆ ಕಾರು ಕಾಲು ಮೈಲಿಯನ್ನು 11.49 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸಿದರೆ ರೋಲ್ ಬಾರ್ ಕಡ್ಡಾಯ, 9.99ಕ್ಕೆ ಇಳಿದರೆ ಪೂರ್ತಿ ಕೇಜ್. ನೀವು ಸದ್ಯ ಅಷ್ಟು ವೇಗಕ್ಕೆ ಹೋಗಲ್ಲ. ನೀವು ಪಾಲಿಸಬೇಕಾದ್ದು ನಿಮ್ಮ ಈವೆಂಟಿನ ರೂಲ್ ಬುಕ್, ಅದನ್ನು ಮೊದಲೇ ತರಿಸಿಕೊಳ್ಳಿ. ಇನ್ನೊಂದು ಮಾತು: ಇದೇ ಕಾರಿನಲ್ಲಿ ದಿನಾ ಸಾಗರ ರಸ್ತೆಯಲ್ಲಿ ಓಡಾಡುವುದಾದರೆ ಕೇಜ್ ಬೇಡ. ಹೆಲ್ಮೆಟ್ ಇಲ್ಲದ ತಲೆ ಪಕ್ಕ ಉಕ್ಕಿನ ಪೈಪ್ ಇರುವುದು ಅಪಾಯ.

ಬೈಕ್ ಹೆಲ್ಮೆಟ್ ಬಗ್ಗೆ. ಅದನ್ನು ಬೆಂಕಿಗೆ ಒಡ್ಡಿ ಪರೀಕ್ಷೆ ಮಾಡಿರುವುದಿಲ್ಲ. ಕಾರ್ ರೇಸಿಗೆಂದೇ ಇರುವ ಸ್ನೆಲ್ ಎಸ್‌ಎ ದರ್ಜೆಯ (ಸ್ನೆಲ್ ಅಂದರೆ ಹೆಲ್ಮೆಟ್ ಪರೀಕ್ಷಿಸುವ ಸಂಸ್ಥೆ) ಹೆಲ್ಮೆಟಿಗೆ ಆ ಪರೀಕ್ಷೆ ಮಾಡಿರುತ್ತಾರೆ, ರೋಲ್ ಬಾರಿಗೆ ತಲೆ ಬಡಿಯುವುದನ್ನೂ ಲೆಕ್ಕಕ್ಕೆ ತಗೊಂಡಿರುತ್ತಾರೆ. ಅದರ 2020ರ ಆವೃತ್ತಿ ಎಸ್‌ಎ2020 ಸಿಕ್ಕರೆ ಸಾಕು. ಬಟ್ಟೆ ವಿಷಯದಲ್ಲಿ ನೈಲಾನ್ ಟ್ರ್ಯಾಕ್ ಪ್ಯಾಂಟ್ ಹಾಕಲೇಬೇಡಿ, ಕರಗಿ ಚರ್ಮಕ್ಕೆ ಅಂಟುತ್ತದೆ. ಎಸ್‌ಎಫ್‌ಐ 3.2ಎ/1 ಲೇಬಲಿನ ಬೆಂಕಿ ತಡೆಯುವ ಸೂಟು ಎರಡನೇ ದರ್ಜೆಯ ಸುಟ್ಟಗಾಯ ಆಗದಂತೆ ತಡೆಯುವುದು ಸುಮಾರು 3 ಸೆಕೆಂಡ್, 3.2ಎ/5 ಆದರೆ 10. ಹೆಚ್ಚಿಗೆ ಸಿಗುವ ಆ ಏಳು ಸೆಕೆಂಡಿನಲ್ಲಿ ಬೆಲ್ಟ್ ಬಿಚ್ಚಿ ಹೊರಗೆ ಬರಬಹುದು. ದುಡ್ಡಿದ್ದರೆ ಎರಡನೆಯದೇ ತಗೊಳ್ಳಿ.

ಹಳೆ ರಬ್ಬರ್ ಪೆಟ್ರೋಲ್ ಹೋಸ್ ಎಲ್ಲಾ ಬದಲಿಸಿ. ಬ್ಯಾಟರಿ ಕಟ್ ಆಫ್ ಸ್ವಿಚ್ ಹಾಕಿಸಿದ ಮೇಲೆ ಇಂಜಿನ್ ಓಡುವಾಗಲೇ ತಿರುಗಿಸಿ ನೋಡಿ. ಇಂಜಿನ್ ನಿಲ್ಲಲಿಲ್ಲ ಅಂದರೆ ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಕರೆಂಟ್ ಜನರೇಟರ್) ಕರೆಂಟ್ ಕೊಡುತ್ತಲೇ ಇದೆ ಅಂತ ಅರ್ಥ, ವೈರಿಂಗ್ ಸರಿಮಾಡಿಸಿ. ಬೆಂಕಿ ಆರಿಸುವ 2 ಕೆಜಿ ಪೌಡರ್ ಸಿಲಿಂಡರನ್ನು ಲೋಹದ ಪಟ್ಟಿಯಲ್ಲೇ ಬಿಗಿಯಿರಿ, ಬೆಲ್ಟ್ ಹಾಕಿ ಕೂತಾಗ ಕೈಗೆ ಸಿಗಬೇಕು. ಮಳೆಗಾಲದಲ್ಲಿ ಕಾರು ಸುಮ್ನೆ ಶೆಡ್ಡಿನಲ್ಲಿ ನಿಲ್ಲುವುದಾದರೆ ಬೆಲ್ಟು, ಸೂಟು, ಹೆಲ್ಮೆಟ್ ಮನೆಯೊಳಗೆ ಇಡಿ. ಬೂಷ್ಟು (ಫಂಗಸ್) ಹಿಡಿದು ನೂಲು ಹಾಳಾಗುತ್ತದೆ, ಬಕಲ್ ಸ್ಪ್ರಿಂಗ್‌ಗೂ ತುಕ್ಕು ಬರುತ್ತದೆ.

ಎಲ್ಲಾ ಹಾಕಿಸಿದ ಮೇಲೆ ಪೂರ್ತಿ ಡ್ರೆಸ್‌ನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಸ್ವಿಚ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ ಹೊರಬರುವುದನ್ನು ಅಭ್ಯಾಸ ಮಾಡಿ. ಪಕ್ಕದಲ್ಲಿ ಒಬ್ಬರು ಟೈಮ್ ನೋಡಲಿ. ಕಾರ್ಪೆಟ್ ಕಿತ್ತಾಗ ಫ್ಲೋರಿನ ಫೋಟೊ, ಅಡಿಯಿಂದ ಒಂದು ಫೋಟೊ ಇಲ್ಲಿ ಹಾಕಿ. ಪ್ಲೇಟ್ ಎಲ್ಲಿ ಕೂರಿಸಬೇಕು ಅಂತ ಗುರುತು ಮಾಡಿ ಕಳಿಸುತ್ತೇನೆ.